ಗುಬ್ಬಿಕಾಲಿನ ಅಚ್ಚು

ಸಿಮೆಂಟಿನ ನೆಲಗಲ್ಲು ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ ಪ್ರಶ್ನೆ. ಯಂತ್ರ ಇಲ್ಲದ ಕಾಲದಲ್ಲಿ ಅಚ್ಚನ್ನು ಹೇಗೆ ಮಾಡಿಕೊಳ್ಳುತ್ತಿದ್ದಿರಿ? ನಾನು ನಲವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದವನು. ಓದಿದ್ದು ನಾಲ್ಕನೇ ತರಗತಿ, ಅದೂ ಪೂರ್ತಿಯಲ್ಲ. ಹಾಗಾಗಿ ಕೇಳಿದವರಿಗೆಲ್ಲ ಬಾಯಲ್ಲೇ ಹೇಳಿ ಕಳಿಸುತ್ತಿದ್ದೆ. ಹೇಳುವಾಗ ಪ್ರತಿ ಸಲವೂ ಒಂದು ಜಾಗದಲ್ಲಿ ಸುಳ್ಳು ಹೇಳುತ್ತಿದ್ದೆ. ಈಗ ಬರೆಯಲು ಕೂತಿರುವುದು ಆ ಜಾಗವನ್ನು ತಿದ್ದಲಿಕ್ಕೆ.

ಮಧುಗಿರಿ ಕಡೆಯ ಹಳೆಯ ಕೆಲಸಗಾರರು ಏನಾದರೂ ಕೆಟ್ಟು ಕೂತರೆ ಈಗಲೂ 'ಇದೇನು ರಂಗನ ಅಚ್ಚಾ?' ಎಂದು ನಗುತ್ತಾರೆ. ರಂಗ ನನ್ನ ತಮ್ಮ. ಅವನ ಅಚ್ಚಿನಲ್ಲಿ ತಪ್ಪಿರಲಿಲ್ಲ. ಬರೀ ಇಷ್ಟನ್ನೇ ಹೇಳಿದರೆ ಯಾರೂ ನಂಬುವುದಿಲ್ಲ. ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಾದರೆ ತಪ್ಪು ಎಲ್ಲಿಂದ ಬಂತು ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಅಪ್ಪನಿಂದಲೇ ಶುರುಮಾಡುತ್ತೇನೆ.

ಅಪ್ಪ ಪುರವರದ ಕಡೆ ಹೆಸರಾದ ಗಾರೆ ಕೆಲಸದವನು. ಸುಣ್ಣ, ಮರಳನ್ನು ಎತ್ತು ಕಟ್ಟಿದ ಗಾಣದಲ್ಲಿ ಹಾಕಿ ಅರೆಯುವುದು, ಬೆಣ್ಣೆಯಂತಾದ ಮೇಲೆ ಗೋಡೆಗೆ ಬಳಿಯುವುದು. ಅರೆಯುವಾಗ ಹಾಕುವ ನೀರು ಬರೀ ನೀರಲ್ಲ. ಅಳಲೆಕಾಯಿ ಜಜ್ಜಿ, ಬೆಲ್ಲ ಸೇರಿಸಿ, ಗುಡಾಣದಲ್ಲಿ ಹತ್ತು ಹನ್ನೆರಡು ದಿನ ಕೊಳೆಯಲು ಬಿಟ್ಟ ನೀರು. ಅದರ ವಾಸನೆ ಬೀದಿಯ ತುದಿಗೆ ಹೊಡೆಯುತ್ತಿತ್ತು. ಯಾವ ಗೋಡೆಗೆ ಎಷ್ಟು ಬೆಲ್ಲ ಎಂಬುದನ್ನು ಅಪ್ಪ ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಹೇಳಿಕೊಟ್ಟಿದ್ದ. ನಾನು ಹಿರಿಮಗ. "ಬೆಲ್ಲ ತಿಂದ ಗಾರೆ ಬಿರುಕು ಬಿಡಲ್ಲ ಕಣ್ಲಾ ಅನ್ಮಂತ" ಎನ್ನುತ್ತಿದ್ದ. ಅವನು ಮಾಡಿದ ಗೋಡೆಗೆ ಮೊಳೆ ಹೊಡೆದರೆ ಮೊಳೆ ಬಗ್ಗುತ್ತಿತ್ತು. ನಾನೇ ಹೊಡೆದು ನೋಡಿದ್ದೇನೆ, ಬೈಸಿಕೊಂಡಿದ್ದೇನೆ.

ರಂಗ ನನಗಿಂತ ಮೂರು ವರ್ಷ ಚಿಕ್ಕವನು. ಅವನಿಗೆ ಸುಣ್ಣದ ವಾಸನೆ ಆಗುತ್ತಿರಲಿಲ್ಲ. ಗಾಡಿ ಚಕ್ರ ಮಾಡುವ ಬಡಗಿಯೊಬ್ಬರ ಹತ್ತಿರ ಹೋಗಿ ಕೂತುಬಿಟ್ಟ. ಯಾವುದೇ ವಸ್ತು ಕೈಗೆ ಸಿಕ್ಕಿದರೂ ಅದನ್ನು ಬಿಚ್ಚಿ ನೋಡುವುದು ಅವನ ಗುಣ. ಅವ್ವನ ಒತ್ತುಶಾವಿಗೆ ಮಣೆಯನ್ನು ಬಿಚ್ಚಿ, ಮತ್ತೆ ಜೋಡಿಸುವಾಗ ಒಂದು ಮೊಳೆ ಮಿಕ್ಕಿ, ಆ ಮೊಳೆ ಬೇಕಾಗೇ ಇರಲಿಲ್ಲ ಎಂದು ವಾದ ಮಾಡಿದವನು. ಮಣೆ ಆಮೇಲೆ ಚೆನ್ನಾಗಿಯೇ ನಡೆಯಿತು. ಅದೇ ಅವ್ವನಿಗೆ ಕೋಪ.

ಐವತ್ತರ ದಶಕದಲ್ಲಿ ಸಿಮೆಂಟು ನಮ್ಮ ಊರುಗಳಿಗೆ ಬರತೊಡಗಿತು. ಅಪ್ಪ ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, "ಬೂದಿ" ಎಂದು ಎದ್ದುಹೋದ. ಅವನ ಕಾಲ ಮುಗಿಯುತ್ತ ಬಂದಿತ್ತು, ನನ್ನದು ಶುರುವಾಗಿರಲಿಲ್ಲ. ಆಗ ಸಿರಾದ ಕಂಟ್ರಾಕ್ಟರ್ ಗೌಸ್ ಸಾಹೇಬರು ನನ್ನನ್ನು ಕರೆದರು. ಮಧುಗಿರಿಯಲ್ಲಿ ಒಂದು ಹೊಸ ಕಟ್ಟಡದ ಅಂಗಳಕ್ಕೆ ಸಿಮೆಂಟಿನ ಚೌಕ ಕಲ್ಲು ಹಾಸಬೇಕಂತೆ. ಎಲ್ಲ ಒಂದೇ ಅಳತೆ, ಒಂದಡಿ ಚೌಕ. ಬೆಟ್ಟವೇ ಒಂದು ಕಲ್ಲಾಗಿರುವ ಊರಲ್ಲಿ ಕಲ್ಲು ಮಾಡುವ ಕೆಲಸ! ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. ಬೆಟ್ಟದ ಕಲ್ಲು ಮುಗಿದು ಹೋಯಿತೇನಪ್ಪ ಎಂದು ಒಬ್ಬ ಅಜ್ಜಿ ನಿಜವಾಗಿ ಗಾಬರಿಯಿಂದ ಕೇಳಿದಳು.

ಅಚ್ಚು ಎಲ್ಲಿಯೂ ಕೊಳ್ಳಲು ಸಿಗುತ್ತಿರಲಿಲ್ಲ. ನಾವೇ ನಾಲ್ಕು ಹಲಗೆ ತುಂಡು ಹೊಡೆದು ಚೌಕಟ್ಟು ಮಾಡಿ, ಸಿಮೆಂಟು ಮರಳು ಜಲ್ಲಿ ಕಲೆಸಿದ ಮಾಲು ತುಂಬಿದೆವು. ಮಾರನೆಯ ದಿನ ಕಲ್ಲು ಬಿಡಲೇ ಇಲ್ಲ. ಹಲಗೆ ಕಿತ್ತರೆ ಅಂಚು ಕಿತ್ತು ಬಂತು. ಹತ್ತು ಕಲ್ಲು ಹಾಕಿದರೆ ಮೂರು ಉಳಿಯಿತು, ಹತ್ತು ಅಚ್ಚೂ ಹೋಯಿತು. ಅವ್ವನ ಹರಳೆಣ್ಣೆ ಕದ್ದು ಅಚ್ಚಿಗೆ ಸವರಿದೆ. ಕಲ್ಲು ಸ್ವಲ್ಪ ಬಿಟ್ಟಿತು, ಅವ್ವ ಬಿಡಲಿಲ್ಲ.

"ಕಲ್ಲಿಗೆ ಎಣ್ಣೆ ತೀಡಕ್ಕೆ ಅದೇನು ಬಾಣಂತಿನೇನ್ಲಾ? ಇನ್ನು ನೀರು ಕಾಯ್ಸಿ ಉಯ್ಯಿ, ಸಾಂಬ್ರಾಣಿ ಹಾಕು!"

ಆಮೇಲೆ ಹೊಂಗೆ ಎಣ್ಣೆಗೆ ಬಂದೆವು. ನಮ್ಮ ಕಡೆ ಹೊಂಗೆಗೆ ಬರವಿಲ್ಲ. ಈಗಿನವರಿಗೆ ಡಬ್ಬಿಯಲ್ಲಿ ಬರುವ ಎಣ್ಣೆ ಇದೆ, ಇರಲಿ. ಆದರೆ ಎಣ್ಣೆ ಯಾವುದಾದರೂ ಬಟ್ಟೆಯಲ್ಲಿ ಒರೆಸಿ ಹಚ್ಚಬೇಕು, ಸುರಿಯಬಾರದು. ಮೂಲೆಯಲ್ಲಿ ಎಣ್ಣೆ ನಿಂತರೆ ಆ ಮೂಲೆಯಲ್ಲಿ ಕಲ್ಲು ಪೊಳ್ಳಾಗುತ್ತದೆ.

ರಂಗ ನನ್ನ ಒದ್ದಾಟವನ್ನು ಎರಡು ದಿನ ನೋಡಿದ. ಸಂಕ್ರಾಂತಿ ಹತ್ತಿರ ಬಂದಿತ್ತು. ಊರಿನ ಒಂದು ಮನೆಯಿಂದ ಸಕ್ಕರೆ ಅಚ್ಚಿನ ಮರಗಳು ಅವನ ಬಡಗಿ ಗುರುವಿನ ಹತ್ತಿರ ರಿಪೇರಿಗೆ ಬಂದಿದ್ದವು. ಎರಡು ಹೋಳು ಮರ, ಒಳಗೆ ಆನೆ, ನವಿಲು ಕೆತ್ತಿರುತ್ತದೆ. ಹೋಳುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಸಕ್ಕರೆ ಪಾಕ ಹುಯ್ಯುತ್ತಾರೆ. ಆರಿದ ಮೇಲೆ ಕಟ್ಟು ಬಿಚ್ಚಿದರೆ ಆನೆ ಸೊಂಡಿಲಿನ ಸಮೇತ ಹೊರಗೆ. ರಂಗ ಒಂದು ಅಚ್ಚನ್ನು ನನ್ನ ಮುಂದೆ ತಂದಿಟ್ಟ.

"ಅಣ್ಣ, ಇದ್ರಾಗೆ ಆನೆ ಸೊಂಡ್ಲೇ ಮುರಿಯಾಕಿಲ್ಲ. ನಿನ್ನ ಕಲ್ಲಿಗೆ ಸೊಂಡ್ಲೂ ಇಲ್ಲ, ಬಾಲನೂ ಇಲ್ಲ. ಅದ್ಯಾಕೆ ಮುರೀತದೆ ಗೊತ್ತಾ? ನೀನು ಕಲ್ಲನ್ನ ಅಚ್ಚಿಂದ ಕೀಳ್ತಿದೀಯ. ಅಚ್ಚನ್ನ ಕಲ್ಲಿಂದ ಬಿಡಿಸ್ಬೇಕು."

ಹೀಗೆ ಹೇಳಿ ಅವನು ಮಾಡಿದ ಅಚ್ಚು ಇದು. ನಾಲ್ಕು ಹಲಗೆ ಬದಲು ಮೊಣಕೈ ಮಡಿಸಿದ ಹಾಗಿನ, ಮೂಲೆಮಟ್ಟದಂಥ ಎರಡು ಹೋಳು. ಎದುರುಬದುರಿನ ಎರಡು ಮೂಲೆಗಳಲ್ಲಿ ಒಂದಕ್ಕೆ ಪೆಟ್ಟಿಗೆಗೆ ಹಾಕುವ ಕೀಲು, ಇನ್ನೊಂದಕ್ಕೆ ಮರದ ಬೆಣೆ. ಬೆಣೆಗೆ ಒಂದು ತಟ್ಟು ಕೊಟ್ಟರೆ ಅಚ್ಚು ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ತಳಕ್ಕೆ ಹಲಗೆ, ಹಲಗೆಯ ಮೇಲೆ ತಗಡು. ಕಲ್ಲಿನ ಮುಖ ಕೆಳಗಾಗುವಂತೆ ಹಾಕುವುದು. ತಗಡಿನ ನಯವೆಲ್ಲ ಕಲ್ಲಿಗೆ ಬರುತ್ತದೆ. ತಗಡಿನ ಒಂದು ಮೂಲೆಯಲ್ಲಿ ಅವನು ಮೂರು ತುಂಡು ತಂತಿಯನ್ನು ಬೆಸೆಸಿದ್ದ. ಕಲ್ಲು ಮಗುಚಿದಾಗ ಅಲ್ಲಿ ಮೂರು ಸಣ್ಣ ಗೀರು ಬಿದ್ದಿರುತ್ತಿತ್ತು.

ಗೌಸ್ ಸಾಹೇಬರು ಮೊದಲ ಕಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. "ಅರೇ ವಾಹ್! ಲೇಕಿನ್ ಇದೇನು ರಂಗಾ, ಕೋಳಿ ತುಳಿದೈತಲ್ಲ?"

"ಕೋಳಿ ಅಲ್ಲ ಸಾಹೇಬ್ರೆ, ಗುಬ್ಬಿ ಕಾಲು. ನಾನೇ ಹಾಕಿದ್ದು."

"ಯಾಕಪ್ಪ?"

"ನಾಳೆ ಯಾರಾರ ಇದು ಯಾರ ಅಚ್ಚು ಅಂದ್ರೆ ಗೊತ್ತಾಗ್ಲಿ ಅಂತ."

ಸಾಹೇಬರು ನಕ್ಕು ಅವನ ಬೆನ್ನು ತಟ್ಟಿದರು. ನಾನು ಮಾಲು ಕಲೆಸಿದ ಕೈ ತೊಳೆಯುತ್ತ ಪಕ್ಕದಲ್ಲೇ ನಿಂತಿದ್ದೆ.

ಆ ಅಂಗಳದ ಕೆಲಸ ನೋಡಲು ಒಬ್ಬ ಓವರ್‌ಸೀಯರ್ ಬರುತ್ತಿದ್ದರು. ಅವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಪ್ರತಿ ಕಲ್ಲಿಗೂ ಕೊಡೆಯ ಹಿಡಿಯಿಂದ ಕುಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಟಣ್ ಎಂದರೆ ಪಾಸು, ಡಬ್ ಎಂದರೆ ಆಚೆಗೆ. ಮಳೆ ಬಂದರೂ ಕೊಡೆ ಬಿಚ್ಚುತ್ತಿರಲಿಲ್ಲ, ಅದು ಕುಟ್ಟುವುದಕ್ಕೇ ಇತ್ತು. ಒಂದು ದಿನ ಸಾಲಾಗಿ ಎಲ್ಲ ಕಲ್ಲೂ ಟಣ್ ಎಂದವು. "ಭಲೇ, ರಂಗನ ಅಚ್ಚಿನ ಕಲ್ಲು ಮಾತಾಡ್ತಾವೆ ಕಣ್ರೀ" ಎಂದರು.

ಕಲ್ಲು ಟಣ್ ಎನ್ನುವುದು ಅಚ್ಚಿನಿಂದಲ್ಲ. ಮಾಲು ಹದವಾಗಿದ್ದು, ಕಲ್ಲು ಗೋಣಿತಾಟಿನ ಕೆಳಗೆ ನೀರು ಕುಡಿದಿದ್ದರಿಂದ. ಅದು ನನ್ನ ಕೆಲಸ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ, ಮೇಲೆ ಎಷ್ಟು ಮಣ್ಣು ನಿಲ್ಲುತ್ತದೆ ಎಂದು ನೋಡುತ್ತಿದ್ದವನು ನಾನು. ಮಾಲನ್ನು ಅಂಗೈಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಇದನ್ನೂ ನಾನೇ ಕಂಡುಕೊಂಡಿದ್ದೆ. ಆದರೆ ಕಲೆಸಿದವನ ಗುರುತು ಕಲ್ಲಿನ ಮೇಲೆ ಬೀಳುವುದಿಲ್ಲ. ಎಲ್ಲರೂ ರಂಗನ ಅಚ್ಚು, ರಂಗನ ಅಚ್ಚು ಎನ್ನುವರು. ತಮ್ಮನ ಹೆಸರು ಕೇಳಿ ಹಿಗ್ಗಬೇಕಾದ ಜಾಗದಲ್ಲಿ ನನಗೆ ಎದೆ ಉರಿಯುತ್ತಿತ್ತು. ಯಾರಿಗೂ ತೋರಿಸಿಕೊಳ್ಳಲಿಲ್ಲ.

ನನ್ನ ಬುದ್ಧಿಯನ್ನೂ ತೋರಿಸಬೇಕೆಂದು ಕೊರಟಗೆರೆಯಲ್ಲಿ ಒಮ್ಮೆ ಹೊರಟೆ. ಒಬ್ಬ ವಕೀಲರ ಮನೆ ಮುಂದಿನ ಹಾದಿಗೆ ಕಲ್ಲು ಹಾಸುವ ಕೆಲಸ. ಬೂದಿ ಬಣ್ಣ ಬೇಡ, ಕೆಂಪು ಕಲ್ಲು ಮಾಡಿಕೊಡುತ್ತೇನೆ ಎಂದು ಮಾಲಿಗೆ ಕೆಮ್ಮಣ್ಣು ಕಲೆಸಿದೆ. ಒಣಗಿದಾಗ ಅರಮನೆಯ ಹಾದಿಯಂತೆ ಕಂಡಿತು. ಮೊದಲ ಮಳೆ ಬಂತು. ಆ ಮನೆಯ ಯಜಮಾನಿತಿ ನನ್ನನ್ನು ಕರೆಸಿ, ಪಡಸಾಲೆಯಿಂದ ಅಡುಗೆಮನೆವರೆಗೆ ಬಿದ್ದ ಕೆಂಪು ಹೆಜ್ಜೆಗಳನ್ನು ತೋರಿಸಿದರು. "ನೋಡಪ್ಪಾ, ದಿನಾ ಹೊಸ ಸೊಸೆ ಮನೆ ತುಂಬಿಸ್ಕೊಂಡಂಗೆ ಐತೆ. ಇನ್ನೆಷ್ಟು ಸೊಸೇರು ಬರ್ಬೇಕು?" ರಂಗ ನಕ್ಕು ನಕ್ಕು ಬೇಲಿ ಹಿಡಿದುಕೊಂಡ. ಆ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಹಾಕಿದೆವು. ನಾನೂ ನಕ್ಕೆ. ಒಳಗೆ ಮಾತ್ರ, ಅಪ್ಪನಿಂದ ಕಲಿತದ್ದೊಂದು ನನ್ನ ಹತ್ತಿರ ಇದೆ, ಅದು ಇವನ ಹತ್ತಿರ ಇಲ್ಲ, ಒಂದು ದಿನ ತೋರಿಸುತ್ತೇನೆ ಎಂದುಕೊಂಡೆ.

ಆ ದಿನ ಪಾವಗಡದಲ್ಲಿ ಬಂತು.

ಅಲ್ಲಿ ಒಬ್ಬ ಕಡ್ಲೆಕಾಯಿ ಸಾಹುಕಾರರು ಕಾಯಿ ಒಣಗಿಸಲು ಗೋದಾಮಿನ ಮುಂದೆ ದೊಡ್ಡ ಅಂಗಳ ಹಾಸಲು ಹೇಳಿದ್ದರು. ಸುಗ್ಗಿಗೆ ಮುಂಚೆ ಮುಗಿಯಬೇಕು. ಅದು ಗೌಸ್ ಸಾಹೇಬರು ಅಲ್ಲಿಯತನಕ ಹಿಡಿದ ಕೆಲಸಗಳಲ್ಲೆಲ್ಲ ದೊಡ್ಡದು. ಕಲ್ಲಿನ ಅಳತೆಯೂ ದೊಡ್ಡದು, ಒಂದೂವರೆ ಅಡಿ ಚೌಕ. ಅದಕ್ಕಾಗಿ ರಂಗ ಹೊಸ ಮರ ತಂದು ನಲವತ್ತು ಅಚ್ಚು ಮಾಡಿದ. ಎಂಟು ದಿನ ಹೊಂಗೆ ಎಣ್ಣೆ ಕುಡಿಸಿ, ಒಣಗಿಸಿ, ಗಾಡಿಗೆ ಹೇರಿಕೊಂಡು ಹೋದೆವು. ಅವನಿಗೆ ಹುಲಿಕುಂಟೆ ಕಡೆ ಹೆಣ್ಣು ಗೊತ್ತಾಗಿತ್ತು. ಈ ಕೆಲಸ ಮುಗಿದ ಮೇಲೆ ಮದುವೆ, ಆಮೇಲೆ ಮಧುಗಿರಿಯಲ್ಲಿ ಅವನದೇ ಒಂದು ಅಚ್ಚಿನ ಅಂಗಳ. ಸಾಹೇಬರು ಜಾಗವನ್ನೂ ನೋಡಿಟ್ಟಿದ್ದರು.

ಪಾವಗಡದ ಬಿಸಿಲು ನಿಮಗೆ ಗೊತ್ತು. ಮೊದಲ ದಿನ ನೋಡಲೆಂದು ಹಳೆಯ ಒಂದಡಿ ಅಚ್ಚುಗಳಲ್ಲಿ ಹಾಕಿದ ಕಲ್ಲುಗಳು ಬೇಗ ಒಣಗಿ, ಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟವು. ಮಾಡಬೇಕಾದ್ದು ಸುಲಭ. ಚಪ್ಪರ ಹಾಕಿ ನೆರಳು ಮಾಡಿ, ಗೋಣಿ ಹೊದಿಸಿ ನೀರು ಹಾಕುವುದು. ರಂಗ ಅದನ್ನೇ ಹೇಳಿ ಗರಿ ತರಲು ಹೋದ. ನನಗೆ ಅಪ್ಪನ ಮಾತು ನೆನಪಾಯಿತು. ಬೆಲ್ಲ ತಿಂದ ಗಾರೆ ಬಿರುಕು ಬಿಡಲ್ಲ.

ಮಾರನೆಯ ದಿನ ಬೆಳಿಗ್ಗೆ, ಇನ್ನೂ ಯಾರೂ ಕೆಲಸಕ್ಕೆ ಬಾರದಿದ್ದಾಗ, ಮಾಲು ಕಲೆಸುವ ನೀರಿನ ಪೀಪಾಯಿಗೆ ಬೆಲ್ಲ ಕರಗಿಸಿದೆ. ಅಂಗೈ ತುಂಬುವ ಉಂಡೆ, ಒಂದು ಮೂಟೆ ಸಿಮೆಂಟಿಗೆ ಒಂದರಂತೆ. ಯಾರಿಗೂ ಹೇಳಲಿಲ್ಲ. ಕಲ್ಲು ಕಬ್ಬಿಣದಂತಾದ ಮೇಲೆ, ಸಾಹೇಬರು ರಂಗನ ಬೆನ್ನು ತಟ್ಟಲು ಕೈ ಎತ್ತಿದಾಗ ಹೇಳಬೇಕೆಂದಿದ್ದೆ. ಆ ದಿನ ನಲವತ್ತು ಅಚ್ಚನ್ನೂ ತುಂಬಿದೆವು.

ಸುಣ್ಣಕ್ಕೆ ಬೆಲ್ಲ ಆಗುತ್ತದೆ, ಸಿಮೆಂಟಿಗೆ ಆಗುವುದಿಲ್ಲ. ಸಿಮೆಂಟು ಗಟ್ಟಿಯಾಗುವುದನ್ನೇ ಮರೆತುಬಿಡುತ್ತದೆ. ಈಗ ಇದು ಪುಸ್ತಕದಲ್ಲಿದೆಯಂತೆ. ಆಗ ಗಾರೆಯವನ ಮಗನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ರಂಗ ಮೊದಲ ಅಚ್ಚಿನ ಬೆಣೆ ತಟ್ಟಿದ. ಅಚ್ಚು ತೆರೆಯಿತು. ಕಲ್ಲಿನ ಅಂಚು ಮೆಲ್ಲಗೆ ಕುಸಿದು ಕೂತಿತು. ಎರಡನೆಯದೂ ಹಾಗೆ. ಇನ್ನೊಂದು ದಿನ ಬಿಡೋಣ ಎಂದ. ಮೂರನೆಯ ದಿನವೂ ಹೆಬ್ಬೆರಳು ಒತ್ತಿದರೆ ಒಳಗಿಳಿಯಿತು. ಸಾಹುಕಾರರು ಪಂಚೆ ಎತ್ತಿಕಟ್ಟಿಕೊಂಡು ಬಂದು ಒಂದರ ಮೇಲೆ ಕಾಲಿಟ್ಟರು. ಚಪ್ಪಲಿಯ ಗುರುತು ಹಾಗೇ ಮೂಡಿತು.

"ಏಮಪ್ಪಾ ಮೇಸ್ತ್ರೀ, ಇವಿ ಕಲ್ಲಾ, ಹಲ್ವಾನಾ? ಎಂಟು ದಿನಕ್ಕೆ ಬಂಡಿಗಳು ಬಂದು ನಿಲ್ತಾವೆ. ಕಾಯಿನ ನಿನ್ನ ತಲೆ ಮೇಲೆ ಒಣಗ್ಸಾಲಾ?"

ಸಾಹೇಬರಿಗೆ ಸುದ್ದಿ ಹೋಯಿತು. ಬಸ್ಸಿನಲ್ಲಿ ಬಂದಿಳಿದವರು ಒಂದು ಮಾತೂ ಬೈಯಲಿಲ್ಲ. ಒಂದೊಂದಾಗಿ ನೋಡಿದರು. ಹೊಸ ಮೂಟೆ ಬಿಚ್ಚಿಸಿ, ಬಾವಿಯಿಂದ ಆಗತಾನೆ ಸೇದಿದ ನೀರಲ್ಲಿ ಒಂದು ಹಿಡಿ ಸಿಮೆಂಟು ಕಲೆಸಿ ತಟ್ಟೆಗೆ ಹಾಕಿಟ್ಟರು. ಮಾರನೆಯ ದಿನ ಅದು ಕಲ್ಲಾಗಿತ್ತು. ಸಿಮೆಂಟು ಸರಿ. ನೀರು ಸರಿ. ಮರಳು ಮೊದಲಿನದೇ. ಉಳಿದದ್ದು ಎರಡು, ಕಲೆಸಿದವನು ಮತ್ತು ಅಚ್ಚು.

"ಬೇಟಾ ಹನುಮಂತು, ನೀನು ದೊಡ್ಡವನು. ಖುದಾ ಮೇಲಿದ್ದಾನೆ, ಸಚ್ ಹೇಳು. ಮಾಲು ಸರಿಯಾಗಿ ಕಲೆಸಿದ್ಯಾ?"

"ಸರಿಯಾಗೇ ಕಲೆಸಿದೀನಿ ಸಾಹೇಬ್ರೆ."

"ಹೆಚ್ಚುಕಡಿಮೆ ಏನೂ ಇಲ್ಲ?"

"ಇಲ್ಲ."

"ಹಂಗಾದ್ರೆ ತಪ್ಪು ಅಚ್ಚಿಂದಾ?"

ರಂಗ ನನ್ನ ಎದುರಿಗೇ ನಿಂತಿದ್ದ. ಸುಮ್ಮನಿದ್ದಿದ್ದರೂ ಸಾಕಾಗಿತ್ತು. ನಾನು ಸುಮ್ಮನಿರಲಿಲ್ಲ. "ಮರ ಹೊಸದು ಸಾಹೇಬ್ರೆ. ಹಸಿ ಇತ್ತೋ ಏನೋ" ಎಂದೆ.

ಹಸಿ ಮರದ ರಸ ಸಿಮೆಂಟಿಗೆ ಇಳಿದರೆ ಕಲ್ಲಿನ ಅಂಚು ಸ್ವಲ್ಪ ಕೆಡುವುದುಂಟು. ಅದಕ್ಕೇ ನನ್ನ ಮಾತು ನಂಬುವಂತಿತ್ತು. ಕಲ್ಲಿನ ನಡುವೆ ಮರ ಎಲ್ಲಿಂದ ಬಂತು, ತಗಡಿನ ಮೇಲಿದ್ದ ಮುಖವೂ ಯಾಕೆ ಮೆತ್ತಗಿದೆ ಎಂದು ರಂಗ ಕೇಳಬಹುದಿತ್ತು. ಅವನು ಕೇಳಲಿಲ್ಲ. "ಎಂಟು ದಿನ ಎಣ್ಣೆ ಕುಡ್ಸಿದೀನಿ" ಎಂದ. ಅಷ್ಟೇ. ನನ್ನ ಮುಖವನ್ನೇ ನೋಡುತ್ತಿದ್ದ.

ಸಾಹುಕಾರರು ಕಲ್ಲಿನ ಕೆಲಸ ಬೇಡವೆಂದು ನೆಲಕ್ಕೆ ಮಣ್ಣು ಬಡಿಸಿ ಸಗಣಿ ಸಾರಿಸಿದರು. ನಲವತ್ತು ಅಚ್ಚುಗಳೂ ಆಳುಗಳ ಅಡುಗೆ ಒಲೆಗೆ ಹೋದವು. ಎಣ್ಣೆ ಕುಡಿದ ಮರ, ಚೆನ್ನಾಗಿ ಉರಿಯಿತು. ಹಸಿ ಮರ ಹಾಗೆ ಉರಿಯುವುದಿಲ್ಲ. ಆ ಒಲೆಯ ಮುಂದೆ ಕೂತಿದ್ದ ಯಾರಿಗೂ ಅದು ಹೊಳೆಯಲಿಲ್ಲ. ನನಗೆ ಮಾತ್ರ ಹೊಳೆಯಿತು.

ಊರಿಗೆ ಬರುವ ಗಾಡಿಯಲ್ಲಿ ರಂಗ ಒಂದೇ ಮಾತು ಕೇಳಿದ.

"ಅಣ್ಣ, ಯಾಕಂಗಂದ್ಬುಟ್ಟೆ?"

"ಏನಾರ ಹೇಳ್ಬೇಕಿತ್ತಲ್ಲೋ."

ಮಧುಗಿರಿಗೆ ನಾವು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಡಗಿಗಳ ಬೀದಿಯಲ್ಲಿ ಕುರ್ಚಿಯ ಕಾಲು ಕುಂಟಿದರೆ 'ರಂಗನ ಅಚ್ಚು', ಹೋಟೆಲಿನಲ್ಲಿ ಇಡ್ಲಿ ಮೆತ್ತಗಾದರೆ 'ರಂಗನ ಅಚ್ಚು'. ಸಾಹೇಬರು ನೋಡಿಟ್ಟಿದ್ದ ಜಾಗ ಬೇರೆಯವರ ಪಾಲಾಯಿತು. ಮದುವೆಯೇನೋ ನಡೆಯಿತು. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವನೊಬ್ಬ ಲಾಡನ್ನು ಬೆರಳಲ್ಲಿ ಒತ್ತಿ ನೋಡಿ, "ಗಟ್ಟಿಯಾಗೈತೆ ಬುಡ್ರಿ, ಭಾವ ಮಾಡಿದ್ದಲ್ಲ" ಎಂದ. ಪಂಕ್ತಿಯೆಲ್ಲ ನಕ್ಕಿತು. ರಂಗ ಮದುವೆಯಾದ ಮೇಲೆ ಹುಲಿಕುಂಟೆ ಕಡೆಗೇ ಹೋಗಿ, ಮಾವನ ಮನೆಯ ಕುರಿ ಮೇಕೆ ನೋಡಿಕೊಂಡು ನಿಂತುಬಿಟ್ಟ. ಉಳಿ, ಬಾಚಿ ಎಲ್ಲವನ್ನೂ ಗುರುವಿಗೆ ಕೊಟ್ಟು ಹೋದ.

ಬೆಲ್ಲದ ಮೇಲೆ ನನಗೆ ಅನುಮಾನ ಅಚ್ಚು ಬಿಚ್ಚಿದ ಮೊದಲ ದಿನದಿಂದಲೇ ಇತ್ತು. ಅನುಮಾನ ತಾನೇ, ಖಾತ್ರಿ ಅಲ್ಲವಲ್ಲ ಎಂದು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. ಎರಡು ಮೂರು ವರ್ಷದ ಮೇಲೆ ಮಧುಗಿರಿಯಲ್ಲಿ ಅದೇ ಕೊಡೆಯ ಓವರ್‌ಸೀಯರ್ ಕೆಲಸ ನೋಡಲು ಬಂದಿದ್ದರು. ಆಳೊಬ್ಬ ಟೀ ಕುಡಿದು, ಲೋಟದ ತಳದ ಸಕ್ಕರೆಯನ್ನು ನೀರಲ್ಲಿ ಅಲುಗಿಸಿ ಮಾಲಿನ ಬಾಂಡ್ಲಿಗೆ ಚೆಲ್ಲಿದ. ಓವರ್‌ಸೀಯರ್ ಕೊಡೆ ಎತ್ತಿಕೊಂಡು ಓಡಿ ಬಂದರು.

"ಲೇ ಲೇ, ಚೆಲ್ಲೋ ಆ ಬಾಂಡ್ಲಿನ! ಸಕ್ಕರೆ ಬಿದ್ರೆ ಸಿಮೆಂಟು ಹಿಡಿಯಲ್ಲ ಕಣೋ! ಬೆಲ್ಲ ಆಗ್ಲಿ, ಸಕ್ಕರೆ ಆಗ್ಲಿ, ಸಿಹಿ ಅಂದ್ರೆ ಅದಕ್ಕೆ ವಿಷ."

ನಾನು ಕರಣೆ ಹಿಡಿದು ನಿಂತಿದ್ದೆ. "ಎಷ್ಟು ಬಿದ್ರೆ ಸ್ವಾಮಿ?" ಎಂದು ಕೇಳಿದೆ. "ಎಷ್ಟೂಂದ್ರೆ? ನೀನೇನು ಪಾಯಸ ಮಾಡ್ತೀಯಾ?" ಎಂದರು. ಎಲ್ಲರೂ ನಕ್ಕರು.

ಅವತ್ತೇ ಸಿರಾದ ಬಸ್ಸು ಹತ್ತಿ ಸಾಹೇಬರಿಗೆ ಹೇಳಬಹುದಿತ್ತು. ನಾನು ಸಿರಾಕ್ಕೇನೋ ಹೋದೆ. ಹೋದದ್ದು ಕಬ್ಬಿಣದ ಕೆಲಸದವರ ಬೀದಿಗೆ. ಮರದ ಅಚ್ಚನ್ನು ಯಾರೂ ನಂಬದಂತಾಗಿತ್ತು, ಹಾಗೆ ಮಾಡಿದವನು ನಾನೇ. ರಂಗನ ಅಚ್ಚನ್ನೇ, ಅದೇ ಎರಡು ಹೋಳು, ಅದೇ ಕೀಲು, ಅದೇ ಬೆಣೆ, ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಿದೆ. ಕಮ್ಮಾರ ಸಾಬಿ ಮಾದರಿಗೆ ಕೊಟ್ಟಿದ್ದ ಹಳೆಯ ತಳದ ತಗಡನ್ನು ತಿರುಗಿಸಿ, "ಈ ಮೂರು ತಂತಿ ಹಾಕ್ಲಾ ಭಾಯ್?" ಎಂದು ಕೇಳಿದ. "ಬೇಡ" ಎಂದೆ.

ಅರವತ್ತರ ದಶಕದಲ್ಲೆಲ್ಲ ಆ ಅಚ್ಚೇ ಸುತ್ತಲ ನಾಲ್ಕೂ ತಾಲೂಕಿನಲ್ಲಿ ಓಡಾಡಿತು. ಅಚ್ಚನ್ನು ಹಲಗೆಯ ಮೇಲಿಟ್ಟು, ಹಲಗೆಯ ಕೆಳಗೆ ಗಾಡಿಯ ಎರಡು ಚಕ್ರ ಸೇರಿಸುವ ಹಳೆಯ ಅಚ್ಚುಮರವನ್ನು ಓರೆಯಾಗಿ ಕೂರಿಸಿ, ಕೈಯಿಂದ ತಿರುವಿ ನಡುಗಿಸುವ ಉಪಾಯವನ್ನು ನಾನು ಕಂಡುಹಿಡಿದೆ. ಮಾಲಿನೊಳಗಿನ ಗಾಳಿ ಗುಳ್ಳೆಗಳೆಲ್ಲ ಮೇಲೆ ಬರುತ್ತಿದ್ದವು. ಅದು ನನ್ನದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಜನ ಎಲ್ಲವನ್ನೂ ಸೇರಿಸಿ 'ಅನ್ಮಂತಣ್ಣನ ಅಚ್ಚು' ಎಂದರು. ನಾನು ಅಲ್ಲಗಳೆಯಲಿಲ್ಲ. ಕೆಲಸ ಕಲಿಯಲು ಬಂದವರಿಗೆ, "ಮರದ ಅಚ್ಚು ಮಾಡಬೇಡಿ, ನನ್ನ ತಮ್ಮ ಹಾಗೆ ಮಾಡಿ ಕೆಟ್ಟ" ಎಂದು ಬುದ್ಧಿ ಹೇಳುತ್ತಿದ್ದೆ. ಮೊದಲೇ ಹೇಳಿದ ಸುಳ್ಳಿನ ಜಾಗ ಇದೇ.

ರಂಗನನ್ನು ನೋಡದೆ ಇದ್ದೆ ಎಂದಲ್ಲ. ಮದುವೆ, ತಿಥಿ ಎಂದು ಸೇರುತ್ತಿದ್ದೆವು. ಮಳೆ ಬೆಳೆ, ಕುರಿ ರೋಗ ಎಲ್ಲ ಮಾತಾಡುತ್ತಿದ್ದೆವು. ಸಿಮೆಂಟಿನ ಮಾತು ಮಾತ್ರ ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಗೌಸ್ ಸಾಹೇಬರು ತೀರಿಕೊಂಡರು. ಹೇಳಬೇಕಾಗಿದ್ದ ಒಬ್ಬರು ಕಡಿಮೆಯಾದರು. ಕೆಲಸ ಬಿಟ್ಟ ಮೇಲೆ ಒಂದು ದಿನ ಆ ಮಧುಗಿರಿಯ ಅಂಗಳಕ್ಕೆ ಹೋದೆ. ರಂಗನ ಮೊದಲ ಕಲ್ಲುಗಳು ಇನ್ನೂ ಇದ್ದವು. ಅವನ್ನು ಹಾಸುವಾಗ ಕಲ್ಲು ಕಲ್ಲಿಗೂ ಗುಬ್ಬಿಕಾಲು ಒಂದೇ ದಿಕ್ಕಿಗೆ ಬರುವಂತೆ ಇಟ್ಟವನು ನಾನೇ, ಅದು ಮರೆತುಹೋಗಿತ್ತು. ಸವೆದಿದ್ದರೂ ಕಾಣುತ್ತಿತ್ತು, ಒಂದು ಗುಬ್ಬಿ ಇಡೀ ಅಂಗಳವನ್ನು ನಡೆದುಕೊಂಡು ಹೋದ ಹಾಗೆ. ಕೋಲಿನಿಂದ ಒಂದನ್ನು ಕುಟ್ಟಿದೆ. ಟಣ್ ಎಂದಿತು. ಮಾರನೆಯ ದಿನ ಹುಲಿಕುಂಟೆಗೆ ಹೊರಟೆ.

ರಂಗ ಮೇಕೆ ದೊಡ್ಡಿಯ ಮುಂದೆ ಸೊಪ್ಪು ಕಟ್ಟುತ್ತಿದ್ದ. ನಾನು ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಮತ್ತೆ ಮಳೆ ಬೆಳೆಗೆ ಹೋಗಿಬಿಡುತ್ತೇನೆ ಎಂದು ಭಯ.

"ರಂಗ, ಪಾವಗಡದಾಗೆ ನೀರಿಗೆ ಬೆಲ್ಲ ಹಾಕಿದ್ದೆ ಕಣೋ. ನಾನೇ. ನಿನ್ನ ಅಚ್ಚು ಸರಿಯಾಗಿತ್ತು."

ಅವನು ಸೊಪ್ಪಿನ ಗಂಟು ಬಿಗಿದು, ಕೈ ಒರೆಸಿಕೊಂಡ.

"ಗೊತ್ತು ಕಣಣ್ಣ."

"ಹೆಂಗೆ?"

"ಪೀಪಾಯಿ ಬುಡದಾಗೆ ಇರುವೆ ಸಾಲು ಹಿಡಿದಿತ್ತು. ಸಿಮೆಂಟು ಕಲೆಸೋ ನೀರಿಗೆ ಯಾವ ಇರುವೆ ಬತ್ತದೆ? ಬೆರಳು ಅದ್ದಿ ನೆಕ್ಕಿದೆ. ಸಿಹಿ ಇತ್ತು."

"ಅಲ್ಲೇ ಹೇಳ್ಬಾರ್ದಾಗಿತ್ತಾ?"

"ನೀನು ಹೇಳ್ತೀಯ ಅಂತಿದ್ದೆ." ಮೇಕೆಯೊಂದು ಅವನ ಪಂಚೆ ಎಳೆಯಿತು, ಬಿಡಿಸಿಕೊಂಡ. "ಅವತ್ತು ಸಾಹೇಬ್ರು ಕೇಳ್ದಾಗ ಹೇಳ್ತೀಯ ಅಂತಿದ್ದೆ. ಗಾಡಿನಾಗೆ ಹೇಳ್ತೀಯ ಅಂತಿದ್ದೆ. ಒಂದೆರಡು ವರ್ಷ ಕಾದೆ. ಆಮ್ಯಾಕೆ ಮೇಕೆ ಜಾಸ್ತಿ ಆದ್ವು."

ನಾನು ಅಲ್ಲೇ ಕೂತೆ. ಅವನು ಹತ್ತಿರ ಸರಿದು ಕೂತ. ಬೈಯುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ಶಾವಿಗೆ ಮಣೆ ಬಿಚ್ಚುವಾಗಿನ ಅದೇ ನೋಟವಿತ್ತು.

"ಅದಿರ್ಲಿ ಅಣ್ಣ. ಎಷ್ಟು ಹಾಕಿದ್ದೆ?"

"ಏನು?"

"ಬೆಲ್ಲ. ಒಂದು ಮೂಟೆಗೆ ಎಷ್ಟು? ಇಷ್ಟು ವರ್ಷ ಅದೊಂದೇ ತಿಳೀದೆ ಹೋಯ್ತು. ಸ್ವಲ್ಪ ಹಾಕಿದ್ರೂ ಕೆಡ್ತದಾ, ಇಲ್ಲ ನೀನು ಜಾಸ್ತಿ ಸುರಿದ್ಯಾ?"

ಮೂಟೆಗೆ ಅಂಗೈ ತುಂಬುವ ಒಂದು ಉಂಡೆ ಎಂದೆ. ಎಷ್ಟಕ್ಕೆ ಕೆಡುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಅವನು ಹಾಗೇ ಬಿಡುವವನಲ್ಲ. ಮನೆ ಹಿಂದೆ ಕೊಟ್ಟಿಗೆ ರಿಪೇರಿಗೆ ತಂದು ಮಿಕ್ಕಿದ್ದ ಅರ್ಧ ಮೂಟೆ ಸಿಮೆಂಟಿತ್ತು. ಐದು ತೆಂಗಿನ ಕರಟ ತಂದು ಸಾಲಾಗಿ ಇಟ್ಟ. ನಾನು ಕಲೆಸಿದೆ. ಮೊದಲನೆಯದಕ್ಕೆ ಬೆಲ್ಲ ಇಲ್ಲ. ಎರಡನೆಯದಕ್ಕೆ ಸಾಸಿವೆ ಕಾಳಷ್ಟು, ಮೂರನೆಯದಕ್ಕೆ ಜೋಳದ ಕಾಳಷ್ಟು, ಹೀಗೆ ಏರಿಸುತ್ತ ಹೋದೆವು. ಇಬ್ಬರು ಮುದುಕರು ಕರಟಕ್ಕೆ ಬೆಲ್ಲ ಅಳೆಯುವುದನ್ನು ನೋಡಿ ಅವನ ಹೆಂಡತಿ, "ಅಡಿಗೆ ಮನ್ಯಾಗಂತೂ ಇಬ್ರೂ ಒಂದಿನ ಕೈ ಆಡಿಸ್ದೋರಲ್ಲ" ಎಂದಳು. ನಾನು ಅಲ್ಲೇ ಉಳಿದೆ. ಮೂರನೆಯ ದಿನ ರಂಗ ಒಂದೊಂದಕ್ಕೂ ಹೆಬ್ಬೆರಳು ಒತ್ತಿದ. ಮೊದಲೆರಡು ಕಲ್ಲು. ಮೂರನೆಯದರ ಮೇಲೆ ಉಗುರಿನ ಗೀರು ನಿಂತಿತು. ಐದನೆಯದು ಬರೀ ಕೆಸರು. ನಾಲ್ಕನೆಯದು, ಪಾವಗಡದ ಅಳತೆಯನ್ನು ಕರಟಕ್ಕೆ ಇಳಿಸಿದ್ದು, ಅದರೊಳಗೆ ಹೆಬ್ಬೆರಳು ಇಳಿಯಿತು.

"ಇದೇ ಕಣಣ್ಣ" ಎಂದ. ಬೆರಳನ್ನು ಅಲ್ಲೇ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದ. ಆಮೇಲೆ ಹೇಳಿದ, "ಇದನ್ನ ಬರಿ. ನಾಕನೇ ಕ್ಲಾಸು ಓದಿದೀಯಲ್ಲ. ಸುಮ್ಕೆ ಬೆಲ್ಲ ಹಾಕಿದ್ದೆ ಅಂತ ಬರೀಬ್ಯಾಡ, ಅದರಿಂದ ಯಾರಿಗ್ ಏನು ಉಪಯೋಗ? ಎಷ್ಟು ಅಂತ ಬರಿ. ಯಾರು ಹಾಕಿದ್ದು ಅಂತಲೂ ಬರಿ."

ಹೊರಡುವಾಗ ಮೊದಲನೆಯ ಕರಟವನ್ನು ಒಡೆದು, ಒಳಗಿನ ಕಲ್ಲನ್ನು ನನ್ನ ಕೈಗೆ ಕೊಟ್ಟ. ಅದರ ಚಪ್ಪಟೆ ಮುಖದ ಮೇಲೆ ಮೂರು ಗೀರು ಇದ್ದವು. ಹಸಿಯಿದ್ದಾಗ ಯಾವಾಗಲೋ ಕಡ್ಡಿಯಲ್ಲಿ ಎಳೆದಿದ್ದ. ನಾನು ನೋಡಿರಲಿಲ್ಲ.

ಅವನು ಹೇಳಿದ ಹಾಗೆ ಬರೆದಿದ್ದೇನೆ. ಒಂದು ಮೂಟೆ ಸಿಮೆಂಟಿಗೆ ಅಂಗೈ ತುಂಬುವ ಒಂದು ಉಂಡೆ ಬೆಲ್ಲ, ನಲವತ್ತು ಕಲ್ಲೂ ಹೋದವು. ಅಚ್ಚು ಮಾಡಿದವನು ರಂಗ. ಬೆಲ್ಲ ಹಾಕಿದವನು ನಾನು.